ದಾನಶಾಸನದಿಂದ ನೋಂದಣಿ ಪುಸ್ತಕದವರೆಗೆ

ಮಠದ ಚರಿತ್ರೆಯೆಂದೊಡನೆ ಭಕ್ತರ ಮನಸ್ಸು ಗುರುಪರಂಪರೆಯ ಕಡೆಗೂ, ಪೂಜ್ಯರ ತಪಸ್ಸಿನ ಕಡೆಗೂ, ಅವರ ಲೀಲೆಗಳ ಕಡೆಗೂ ಹರಿಯುವುದು ಸಹಜವೇ ಸರಿ. ಆದರೆ ನೂರಾರು ವರ್ಷ ನಿತ್ಯವೂ ದಾಸೋಹದ ಒಲೆ ಆರದಂತೆ ಉರಿಯಬೇಕಾದರೆ ಅದರ ಹಿಂದೆ ಒಂದು ಹೊಲ, ಒಂದು ತೋಟ, ಒಂದು ಕೆರೆಯ ನೀರಿನ ಹಕ್ಕು ಇರಲೇಬೇಕಷ್ಟೆ. ಅದನ್ನು ಕೊಟ್ಟವರು ಯಾರು, ಯಾವ ಉದ್ದೇಶಕ್ಕೆ ಕೊಟ್ಟರು, ಅದರ ಮೇರೆಗಳೆಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರವು ಪುರಾಣಗಳಲ್ಲಿ ದೊರೆಯುವುದಿಲ್ಲ. ಮಠದ ಹಳೆಯ ಪೆಟ್ಟಿಗೆಯಲ್ಲಿಯೂ ಸರಕಾರದ ದಫ್ತರಗಳಲ್ಲಿಯೂ ದೊರೆಯುತ್ತದೆ. ಆ ಕಾಗದಪತ್ರಗಳ ಚರಿತ್ರೆಯನ್ನು ಈ ಮಹೋತ್ಸವದ ಸಂದರ್ಭದಲ್ಲಿ ವಾಚಕರ ಮುಂದಿರಿಸುವುದು ಪ್ರಕೃತ ಲೇಖನದ ಉದ್ದೇಶವು.

ಭೂದಾನದ ದಾಖಲೆಯು ನಮ್ಮ ನಾಡಿಗೆ ಪರದೇಶದಿಂದ ಬಂದ ಪದ್ಧತಿಯಲ್ಲ. ಕ್ರಿ. ಶ. ಸುಮಾರು 450ರದೆಂದು ವಿದ್ವಾಂಸರು ಬಹುಕಾಲ ಹೇಳುತ್ತ ಬಂದಿರುವ ಹಲ್ಮಿಡಿ ಶಾಸನವೇ ಯುದ್ಧದಲ್ಲಿ ಪರಾಕ್ರಮ ತೋರಿದ ವೀರನಿಗೆ ಭೂಮಿಯನ್ನು ಕೊಟ್ಟ ಸಂಗತಿಯನ್ನು ತಿಳಿಸುತ್ತದೆ. ಅಂದಮೇಲೆ ಕನ್ನಡ ಗದ್ಯದ ಅತಿ ಪ್ರಾಚೀನ ಬರಹಗಳಲ್ಲೊಂದು ದಾನಪತ್ರವೇ ಆಯಿತು. ತರುವಾಯದ ಅರಸರು ತಾಮ್ರಪಟಗಳ ಮೇಲೆ ಶಾಸನವನ್ನು ಕೊರೆಯಿಸಿ, ಅವುಗಳನ್ನು ಬಳೆಯಿಂದ ಪೋಣಿಸಿ, ರಾಜಮುದ್ರೆಯೊತ್ತಿ ಪ್ರತಿಗ್ರಹೀತನ ಕೈಗೆ ಕೊಡುತ್ತಿದ್ದರು. ಈ ತಾಮ್ರಶಾಸನಗಳಲ್ಲಿ ಒಂದು ವಿಶೇಷವುಂಟು. ರಾಜನ ವಂಶಪ್ರಶಸ್ತಿಯು ಸಂಸ್ಕೃತದಲ್ಲಿದ್ದರೂ ಭೂಮಿಯ ಎಲ್ಲೆಯನ್ನು ಹೇಳುವ ಭಾಗವು ಅನೇಕ ಕಡೆಗಳಲ್ಲಿ ಕನ್ನಡದಲ್ಲಿರುತ್ತದೆ. ಮೂಡಲ ಹಳ್ಳ, ತೆಂಕಣ ಹುತ್ತ, ಪಡುವಣ ಆಲದ ಮರ ಎಂಬಿವು ಉಳುವವನಿಗೂ ನೆರೆಯ ಹೊಲದವನಿಗೂ ತಿಳಿಯಬೇಕಲ್ಲವೆ? ಪ್ರಶಸ್ತಿಯು ಅರಸನ ಕೀರ್ತಿಗಾಗಿ. ಚೆಕ್ಕುಬಂದಿಯು ಊರಿನ ನ್ಯಾಯಕ್ಕಾಗಿ.

ತಾಮ್ರಪಟವು ಪಡೆದವನ ಮನೆಯಲ್ಲಿ ಗುಪ್ತವಾಗಿರತಕ್ಕದ್ದು. ಶಿಲಾಶಾಸನವು ಹಾಗಲ್ಲ, ದೇವಾಲಯದ ಅಂಗಳದಲ್ಲಿಯೋ ಊರ ಮುಂದೆಯೋ ಎಲ್ಲರ ಕಣ್ಣಿಗೂ ಬೀಳುವಂತೆ ನಿಂತಿರುತ್ತದೆ. ಅದರ ನೆತ್ತಿಯ ಮೇಲಣ ಸೂರ್ಯಚಂದ್ರರು, ಲಿಂಗ, ಆಕಳು ಕರುಗಳು ಓದಲರಿಯದವನಿಗೂ ಇದು ಧರ್ಮದ ಭೂಮಿಯೆಂದು ಸಾರುತ್ತವೆ. ಶಿವಾಲಯಗಳಿಗೆ ಬಿಟ್ಟ ಭೂಮಿಯ ಮೇರೆಗಳಲ್ಲಿ ಲಿಂಗಮುದ್ರೆಯ ಕಲ್ಲುಗಳನ್ನು ನಡಿಸುತ್ತಿದ್ದುದೂ ಇದೇ ಅಭಿಪ್ರಾಯದಿಂದ. ಬಳ್ಳಿಗಾವೆಯ ಕೋಡಿಯಮಠವು ಕಾಳಾಮುಖ ಪಂಥದ್ದು. ಅಲ್ಲಿ ವಿದ್ಯೆಗಳ ವ್ಯಾಖ್ಯಾನ ನಡೆಯುತ್ತಿತ್ತು, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು ಎಂಬುದನ್ನು 1162ರ ಶಾಸನದಿಂದಲೇ ನಾವು ಅರಿತಿರುವೆವು. ಆ ಕಲ್ಲು ಅಳಿದಿದ್ದರೆ ಅಂಥ ಮಠದ ಪುಣ್ಯಕಾರ್ಯವೂ ನಮ್ಮ ಪಾಲಿಗೆ ಅಳಿದಂತೆಯೇ ಆಗುತ್ತಿತ್ತು. ದಾನವು ಗುಟ್ಟಾಗಿ ನಡೆಯಬಹುದು, ಆದರೆ ದಾನದ ದಾಖಲೆಯು ಬಹಿರಂಗವಾಗಿರಬೇಕು ಎಂಬ ತತ್ತ್ವವನ್ನು ನಮ್ಮ ಪೂರ್ವಿಕರು ಹೀಗೆ ಕಲ್ಲಿನಲ್ಲಿಯೇ ಸ್ಥಾಪಿಸಿದ್ದರು.

ಕಾಲವು ಮುಂದರಿದಂತೆ ಬರಹದ ಸಾಧನಗಳೂ ಲಿಪಿಗಳೂ ಬದಲಾದವು. ವೀರಶೈವ ಅರಸುಮನೆತನವಾದ ಕೆಳದಿಯ ನಾಯಕರು ಮಠಗಳಿಗೆ ಉದಾರವಾಗಿ ಭೂಮಿಯನ್ನು ಬಿಟ್ಟರು. ಆ ವಂಶದ ಶಿವಪ್ಪನಾಯಕನು ನೆಲವನ್ನು ಅಳೆಯಿಸಿ ಗೊತ್ತುಪಡಿಸಿದ ಕಂದಾಯದ ‘ಶಿಸ್ತು’ ಇಂದಿಗೂ ಜನರ ಬಾಯಲ್ಲಿದೆ. ಊರಿನ ಶಾನಭೋಗನು ಹುಣಿಸೆಬೀಜದ ಅಂಟಿಗೆ ಇದ್ದಿಲನ್ನು ಬೆರೆಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕವನ್ನು ಬರೆದಿಡುತ್ತಿದ್ದನು. ಬಿಜಾಪುರದ ಆದಿಲಶಾಹಿಯ ಫರ್ಮಾನುಗಳು ಪಾರಸಿಯಲ್ಲಿವೆ. ಪೇಶವೆಯರ ಕಾಲದ ಸನದುಗಳು ಮೋಡಿಯಲ್ಲಿವೆ. ನಿಜಾಮನ ಸೀಮೆಯ ಈಚಿನ ಕಾಗದಗಳು ಉರ್ದುವಿನಲ್ಲಿವೆ. ಒಂದೇ ಮಠದ ಪೆಟ್ಟಿಗೆಯಲ್ಲಿ ಮೂರು ನಾಲ್ಕು ಲಿಪಿಗಳ ಪತ್ರಗಳಿರುವುದು ಉತ್ತರ ಕರ್ನಾಟಕದಲ್ಲಿ ಆಶ್ಚರ್ಯದ ಮಾತಲ್ಲ. ಅವುಗಳನ್ನು ಓದಬಲ್ಲವರು ವಿರಳವಾಗುತ್ತ ಬಂದುದೇ ಚಿಂತೆಯ ಮಾತು.

ಈ ಪೆಟ್ಟಿಗೆಗಳಿಗೆ ಕಠಿಣವಾದ ಪರೀಕ್ಷೆಯು ಆಂಗ್ಲರ ಆಳಿಕೆಯಲ್ಲಿ ಒದಗಿತು. ದಕ್ಷಿಣ ಮರಾಠಾ ಪ್ರಾಂತವೆನಿಸಿದ್ದ ಧಾರವಾಡ ಬೆಳಗಾವಿಗಳ ಕಡೆಯಲ್ಲಿ 1843ರಿಂದ ಇನಾಮುಗಳ ಚೌಕಶಿಯು ಆರಂಭವಾಗಿ, 1852ನೆಯ ಇಸವಿಯ 11ನೆಯ ಕಾಯಿದೆಯಿಂದ ಇನಾಮ ಕಮಿಶನ್ನಿಗೆ ಪೂರ್ಣಾಧಿಕಾರವು ಬಂದಿತು. ಕಂದಾಯವಿಲ್ಲದೆ ಭೂಮಿಯನ್ನು ಅನುಭವಿಸುವವನು ತನ್ನ ಹಕ್ಕನ್ನು ತಾನೇ ಸಾಧಿಸಿ ತೋರಿಸಬೇಕಾಯಿತು. ಅಜ್ಜನ ಕಾಲದಿಂದ ಉಂಡುಬಂದ ಭೂಮಿಗೆ ಕಾಗದವೇಕೆಂದು ನಂಬಿದವರು ಕಾಗದವಿಲ್ಲದೆ ನಿಲ್ಲುವಂತಾಯಿತು. ಸನದು ಗೆದ್ದಲಿಗೆ ತುತ್ತಾಗಿದ್ದವರೂ ದಂಗೆಯಲ್ಲಿ ಸುಟ್ಟುಹೋಗಿದ್ದವರೂ ಬಹಳ ಕಷ್ಟಕ್ಕೀಡಾದರು. ದೇವಸ್ಥಾನ ಮಠಗಳ ಇನಾಮುಗಳನ್ನು ಬೇರೊಂದು ವರ್ಗವಾಗಿ ಎಣಿಸಿದ್ದರಿಂದ ಅನೇಕ ಮಾನ್ಯಗಳು ಉಳಿದುಬಂದವು. 1863ರ ಮುಂಬಯಿ ಕಾಯಿದೆಗಳಿಂದ ಉಳಿದ ತಕರಾರುಗಳನ್ನು ಸಂಕ್ಷೇಪವಾಗಿ ತೀರಿಸುವ ಏರ್ಪಾಡಾಯಿತು. ಆ ಚೌಕಶಿಯು ಅನೇಕರಿಗೆ ನೋವನ್ನು ತಂದಿತಾದರೂ, ಅಂದು ಬರೆದಿಟ್ಟ ಕೈಫಿಯತ್ತುಗಳೂ ನಿರ್ಣಯಗಳೂ ಈಗ ಚರಿತ್ರಕಾರನಿಗೆ ನಿಧಿಯಂತಿವೆ.

ಖಾಸಗಿ ಜನರ ಕ್ರಯ, ದಾನ, ಒತ್ತೆಗಳ ವಿಷಯದಲ್ಲಿ ಹೊಸ ಯುಗವು 1864ರ ನೋಂದಣಿ ಕಾಯಿದೆಯಿಂದ ಮೊದಲಾಯಿತು. ಅದು 1866, 1871, 1877ರಲ್ಲಿ ಪುನಃ ರಚಿಸಲ್ಪಟ್ಟು, ಕಡೆಗೆ 1908ರ 16ನೆಯ ಕಾಯಿದೆಯಾಗಿ ನೆಲೆಗೊಂಡಿತು. ಇದೇ ತತ್ತ್ವವು ಅನ್ಯದೇಶಗಳಲ್ಲಿಯೂ ಇರುವುದನ್ನು ಇಲ್ಲಿ ನೆನೆಯಬಹುದು. ಅಮೇರಿಕೆಯ ಮೆಸಾಚುಸೆಟ್ಸ್ ವಸಾಹತಿನಲ್ಲಿ 1640ರಲ್ಲಿಯೇ ಭೂಪತ್ರಗಳನ್ನು ಸಾರ್ವಜನಿಕವಾಗಿ ದಾಖಲು ಮಾಡಿಸುವ ನಿಯಮವಾಯಿತು. ಆ ದೇಶದ ಬಹುಭಾಗದಲ್ಲಿ ನಮ್ಮ ಜಿಲ್ಲೆಯನ್ನು ಹೋಲುವ ‘ಕೌಂಟಿ’ಯ ಕಚೇರಿಯೇ ಈ ಕೆಲಸವನ್ನು ನಡೆಸುತ್ತದೆ. ಇಂಗ್ಲಂಡದಲ್ಲಾದರೋ 1704ರಲ್ಲಿ ಯಾರ್ಕಶೈರಿನ ಒಂದು ಭಾಗಕ್ಕೂ, ಕೆಲವು ವರ್ಷಗಳಲ್ಲಿ ಮಿಡ್ಲಸೆಕ್ಸಿಗೂ ಇಂಥ ಕಚೇರಿಗಳಾದವೇ ಹೊರತು ದೇಶಕ್ಕೆಲ್ಲ ಆಗಲಿಲ್ಲ. ಊರ ಮುಂದಣ ಶಿಲಾಶಾಸನವು ಮಾಡುತ್ತಿದ್ದ ಕಾರ್ಯವನ್ನೇ ಈ ಕಚೇರಿಗಳ ಪುಸ್ತಕವು ಮಾಡುತ್ತದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

1908ರ ಕಾಯಿದೆಯ ಮೇರೆಗೆ, ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರವನ್ನೂ, ಬೆಲೆ ಎಷ್ಟೇ ಇರಲಿ ಸ್ಥಿರಾಸ್ತಿಯ ದಾನಪತ್ರವನ್ನೂ ನೋಂದಾಯಿಸಲೇಬೇಕು. ಬರೆದುಕೊಟ್ಟ ನಾಲ್ಕು ತಿಂಗಳೊಳಗೆ, ಆಸ್ತಿಯಿರುವ ವಿಭಾಗದ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪತ್ರವನ್ನು ಹಾಜರುಪಡಿಸಬೇಕು. ದಾನಪತ್ರಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಇಬ್ಬರು ಸಾಕ್ಷಿಗಳ ಸಹಿಯನ್ನೂ ವಿಧಿಸಿದೆ. ಸ್ಥಿರಾಸ್ತಿಯ ಪತ್ರಗಳು ಒಂದನೆಯ ಪುಸ್ತಕದಲ್ಲಿ ಸೇರುತ್ತವೆ. ಮೃತ್ಯುಪತ್ರಗಳಿಗೆ ಮೂರನೆಯ ಪುಸ್ತಕವು ಮೀಸಲು. ಒಂದನೆಯ ಪುಸ್ತಕಕ್ಕೆ ಎರಡು ಸೂಚಿಗಳುಂಟು: ಮೊದಲನೆಯದು ವ್ಯಕ್ತಿಗಳ ಹೆಸರಿನದು, ಎರಡನೆಯದು ಆಸ್ತಿಗಳದು. ಶುಲ್ಕವನ್ನು ಸಲ್ಲಿಸಿ ಈ ಪುಸ್ತಕವನ್ನೂ ಸೂಚಿಗಳನ್ನೂ ನೋಡುವ ಹಕ್ಕು ಪ್ರತಿಯೊಬ್ಬನಿಗೂ ಇರುತ್ತದೆ. ಆದರೆ ನೋಂದಣಿಯಿಂದಲೇ ಒಡೆತನವು ಸಿದ್ಧವಾಯಿತೆಂದು ಭಾವಿಸಲಾಗದು. ಅಧಿಕಾರಿಯು ಬರೆದುಕೊಟ್ಟವನ ಗುರುತನ್ನೂ ಒಪ್ಪಿಗೆಯನ್ನೂ ವಿಚಾರಿಸುತ್ತಾನೆ. ಅವನಿಗೆ ಕೊಡುವ ಹಕ್ಕಿತ್ತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ.

ಹಳೆಯ ಪತ್ರವನ್ನು ಹುಡುಕುವವನು ಮೊದಲು ಗ್ರಾಮ, ಸರ್ವೇ ನಂಬರು, ಕೊಟ್ಟವರ ಹೆಸರು, ಸುಮಾರು ಕಾಲ ಇವುಗಳನ್ನು ಗೊತ್ತುಮಾಡಿಕೊಳ್ಳಬೇಕು. ಸೂಚಿಯಲ್ಲಿ ದೊರೆತ ನಂಬರಿನಿಂದ ಸಂಪುಟವನ್ನೂ ಪುಟವನ್ನೂ ಹಿಡಿದು ದೃಢೀಕೃತ ನಕಲನ್ನು ಪಡೆಯಬೇಕು. ಆ ನಕಲಿನ ಪೀಠಿಕೆಯಲ್ಲಿ ಭೂಮಿಯು ಹಿಂದೆ ಯಾರಿಂದ ಬಂದಿತೆಂದು ಹೇಳಿದ್ದರೆ ಅದೇ ಹಿಂದಿನ ಪತ್ರಕ್ಕೆ ದಾರಿಯಾಗುತ್ತದೆ. ಹೀಗೆ ಮೆಟ್ಟಲು ಮೆಟ್ಟಲಾಗಿ ಹಿಂದಕ್ಕೆ ಇಳಿಯಬೇಕು. ಸರ್ವೇ ನಂಬರು ಹಿಸ್ಸೆಗಳಾಗಿ ಒಡೆದಿರಬಹುದು. ಗ್ರಾಮವು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಸೇರಿರಬಹುದು. ಆಗ ಹಳೆಯ ಕಚೇರಿಯ ಪುಸ್ತಕಗಳನ್ನೇ ನೋಡಬೇಕಾಗುವುದು. ಋಣಭಾರ ಪ್ರಮಾಣಪತ್ರವೂ ಕೇಳಿದ ಅವಧಿಯ ನೋಂದಾಯಿತ ಪತ್ರಗಳನ್ನು ಮಾತ್ರ ಹೇಳುತ್ತದೆಂಬುದನ್ನು ಮರೆಯಬಾರದು.

ಇಲ್ಲಿ ಮಠಗಳವರು ಅವಶ್ಯವಾಗಿ ತಿಳಿಯತಕ್ಕ ಒಂದು ಸಂಗತಿಯುಂಟು. ಸರಕಾರವು ಭೂಮಿಯನ್ನು ಕೊಟ್ಟುದಕ್ಕೆ ಆಧಾರವಾದ ಸನದು, ಇನಾಮುಪತ್ರಗಳಿಗೆ 1908ರ ಕಾಯಿದೆಯ 90ನೆಯ ಕಲಮು ನೋಂದಣಿಯಿಂದ ವಿನಾಯಿತಿಯನ್ನು ಕೊಟ್ಟಿದೆ. ಆದಕಾರಣ ರಾಜದತ್ತವಾದ ಮಾನ್ಯವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹುಡುಕಿ ನಿರಾಶರಾಗಬಾರದು. ಅದರ ಸ್ಥಾನವು ಕಂದಾಯದ ದಫ್ತರವು, ಪುಣೆಯ ಪೇಶವೆ ದಫ್ತರವು, ನಿಜಾಮನ ಸೀಮೆಯಾದರೆ ಇನಾಮು ನಿರ್ಣಯದ ‘ಮುಂತಖಾಬು’. ಭಕ್ತರು ಕೊಟ್ಟ ದಾನದ ನೆಲೆಯು ನೋಂದಣಿ ಕಚೇರಿಯು.

ಇನ್ನೊಂದು ಸೂಕ್ಷ್ಮವು ಹೆಸರಿಗೆ ಸಂಬಂಧಿಸಿದ್ದು. ಭಕ್ತನು ಭಕ್ತಿಯ ಭರದಲ್ಲಿ ಸ್ವಾಮಿಗಳ ಹೆಸರಿಗೆ ಪತ್ರವನ್ನು ಬರೆದುಕೊಟ್ಟು, ಅದು ಮಠಕ್ಕಾಗಿ ಎಂಬ ಮಾತನ್ನು ಸೇರಿಸಲು ಮರೆತರೆ, ಮುಂದಿನ ಪೀಳಿಗೆಯಲ್ಲಿ ಅದು ಮಠದ್ದೋ ವ್ಯಕ್ತಿಯದೋ ಎಂಬ ವ್ಯಾಜ್ಯಕ್ಕೆ ಬೀಜವನ್ನು ಬಿತ್ತಿದಂತೆ. ಮಠದ ಆಸ್ತಿಯು ಸಂಸ್ಥೆಯಲ್ಲಿ ನೆಲೆಸಿರುತ್ತದೆ, ಮಠಾಧಿಪತಿಯು ಅದರ ನಿರ್ವಾಹಕನು ಎಂದು ಪ್ರೀವಿ ಕೌನ್ಸಿಲು 1921ರಲ್ಲಿಯೇ ಹೇಳಿದೆ. ಪತ್ರದಲ್ಲಿ ಸಂಸ್ಥೆಯ ಹೆಸರೂ ದಾನದ ಉದ್ದೇಶವೂ ಸ್ಪಷ್ಟವಾಗಿದ್ದರೆ ಈ ತತ್ತ್ವಕ್ಕೆ ಬಲವು ಬರುತ್ತದೆ. 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಪ್ರಥಮಾಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಐಶ್ವರ್ಯವನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರದಿಂದ ವಿನಿಯೋಗಿಸಿ 1906ರಲ್ಲಿ ಲಿಂಗೈಕ್ಯರಾದರು. ಅವರ ಸಂಕಲ್ಪವು ಬರಹದಲ್ಲಿ ಇಳಿಯದೆ ಮನಸ್ಸಿನಲ್ಲಿಯೇ ಉಳಿದಿದ್ದರೆ ಎಷ್ಟು ಬಡ ವಿದ್ಯಾರ್ಥಿಗಳು ವಿದ್ಯೆಯಿಂದ ವಂಚಿತರಾಗುತ್ತಿದ್ದರೋ!

ಭೂಮಿಯೇ ಹೋದ ಮೇಲೆ ಪತ್ರದಿಂದೇನು ಎಂದು ಕೆಲವರು ಕೇಳಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಧಾರ್ಮಿಕ ಇನಾಮುಗಳು 1955ರ ಕಾಯಿದೆಯಿಂದ ರದ್ದಾದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ ಉಳುವವರ ಕೈಗೆ ಹೋದವು. ಮಠದ ಹೊಲವನ್ನು ಉತ್ತವನೂ ಮಠದ ಭಕ್ತನೇ. ಕಾಯಕಜೀವಿಯಾದ ಅವನಿಗೆ ಭೂಮಿ ದೊರೆತುದಕ್ಕೆ ದುಃಖಪಡುವುದು ಶರಣಧರ್ಮಕ್ಕೆ ತಕ್ಕುದಲ್ಲ. ಆದರೆ ಭೂಮಿಯು ಹೋದರೂ ದಾನಿಯ ಉಪಕಾರವು ಹೋಗುವುದಿಲ್ಲ. ತನ್ನ ಪಾಲಿನ ಎರಡೆಕರೆಯನ್ನು ಜಂಗಮ ದಾಸೋಹಕ್ಕೆ ಬರೆದುಕೊಟ್ಟು ಹೆಬ್ಬೆರಳನ್ನೊತ್ತಿದ ವಿಧವೆಯ ಹೆಸರು ಯಾವ ಪುರಾಣದಲ್ಲಿಯೂ ಬರಲಾರದು; ನೋಂದಣಿ ಪುಸ್ತಕದ ಒಂದು ಪುಟದಲ್ಲಿ ಮಾತ್ರ ಉಳಿದಿರುತ್ತದೆ.

ಪ್ರಸ್ತುತದಲ್ಲಿ ಅನುಕೂಲಗಳು ಹೆಚ್ಚಿವೆ. 2001ರ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ನೋಂದಣಿಯು ‘ಕಾವೇರಿ’ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆದರೆ ಗಣಕಯಂತ್ರವು ಬರುವುದಕ್ಕೆ ಹಿಂದಿನ ಪತ್ರಗಳಿಗೆ ಇಂದಿಗೂ ಹಳೆಯ ಸಂಪುಟಗಳನ್ನೇ ಆಶ್ರಯಿಸಬೇಕಾಗುತ್ತದೆ. ಯೋಗ್ಯವಾದ ವಶದಿಂದ ಬಂದ ಮೂವತ್ತು ವರ್ಷಗಳ ಹಳೆಯ ಪತ್ರಕ್ಕೆ ನ್ಯಾಯಾಲಯವು ಮನ್ನಣೆ ಕೊಡಬಹುದೆಂದು 1872ರ ಸಾಕ್ಷ್ಯ ಕಾಯಿದೆಯು ವಿಧಿಸಿತ್ತು. ಅದರ ಸ್ಥಾನದಲ್ಲಿ ಬಂದ 2023ರ ಕಾನೂನೂ ಅದನ್ನೇ ಉಳಿಸಿಕೊಂಡಿದೆ. ಮಠದ ಪತ್ರಕ್ಕೆ ಯೋಗ್ಯವಾದ ವಶವೆಂದರೆ ಮಠದ ಪೆಟ್ಟಿಗೆಯಲ್ಲದೆ ಬೇರೆ ಯಾವುದು?

ಆದುದರಿಂದ ಪ್ರತಿಯೊಂದು ಮಠದವರೂ ತಮ್ಮ ಪತ್ರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಮೋಡಿ ಉರ್ದು ಬಲ್ಲ ವೃದ್ಧರು ಇರುವಾಗಲೇ ಅವುಗಳನ್ನು ಕನ್ನಡಕ್ಕೆ ಇಳಿಸಿ, ಕಳೆದುಹೋದವುಗಳ ದೃಢೀಕೃತ ನಕಲುಗಳನ್ನು ಕಚೇರಿಗಳಿಂದ ಪಡೆದು, ಛಾಯಾಪ್ರತಿಗಳನ್ನು ಬೇರೆಡೆಯಲ್ಲಿ ಇರಿಸತಕ್ಕದ್ದು. ಮಹೋತ್ಸವದ ಮಂಟಪವು ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಈ ಕಾರ್ಯವು ಮುಂದಿನ ಮಹೋತ್ಸವದವರೆಗೂ ನಿಲ್ಲುತ್ತದೆ. ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ಶ್ರೀಮಠದ ಸಭೆಯಲ್ಲಿ ಓದಿಸಿ, ದಾನಿಗಳ ಹೆಸರುಗಳು ಭಕ್ತರ ಕಿವಿಗೆ ಬೀಳುವಂತೆ ಮಾಡಿದರೆ, ಅನ್ನವನ್ನುಂಡ ನಾವು ಅನ್ನವಿತ್ತವರ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾದೀತು.