ಸಫಾರಿಗೂ ಮೊದಲು ಬೆಟ್ಟದಲ್ಲಿದ್ದವರು

ರಜೆ ಬಂದರೆ ಸಾಕು, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಕಾರುಗಳ ಸಾಲು. ರಂಗನಾಥನ ದರ್ಶನ ಮುಗಿಸಿ ಕೆ.ಗುಡಿಯಲ್ಲಿ ಸಫಾರಿ ಜೀಪು ಹತ್ತುತ್ತಾರೆ. ಆನೆ, ಕಾಟಿ ಕಂಡರೆ ಖುಷಿ. ಹುಲಿ ಕಂಡರೆ ಊರಿಗೆಲ್ಲ ಸುದ್ದಿ.

ಈ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. ಕಾಡೊಳಗೆ ಚದುರಿಕೊಂಡಿದ್ದ ಸೋಲಿಗರನ್ನು ಒಂದೊಂದು ಕಡೆ ಪೋಡು ಮಾಡಿ ಕೂರಿಸಿದರು. ಅವರ ಬೇಟೆ ನಿಂತಿತು, ಜಾಗ ಬದಲಿಸಿ ಮಾಡುತ್ತಿದ್ದ ಬೇಸಾಯವೂ ನಿಂತಿತು. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಿತ್ತು.

2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದಾಗ ಪೋಡುಗಳಲ್ಲಿ ಮತ್ತೆ ಎತ್ತಂಗಡಿಯ ಭಯ. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು.

ದೊಡ್ಡಸಂಪಿಗೆ ಮರವನ್ನು ದೇವರೆಂದು ಪೂಜಿಸುವ ಸೋಲಿಗರಿಗೆ ಈ ಕಾಡೇ ಮನೆ. ಜೀಪು ಹತ್ತುವ ಮೊದಲು ನಿಮಗೆ ಇಷ್ಟು ತಿಳಿದಿರಲಿ.