ಚಾರಣ: ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಬೆಟ್ಟಗಳಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಾದ ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರಗಳಲ್ಲಿ ಬೆಟ್ಟ ಹತ್ತುವ, ಕಾಡುಹಾದಿಯಲ್ಲಿ ನಡೆಯುವ ರೂಢಿಯ ಇತಿಹಾಸ ಈ ಲೇಖನದ ವಸ್ತು. ಇಲ್ಲಿನ ಚಾರಣ ಬೆಂಗಳೂರಿನ ವಾರಾಂತ್ಯದ ತಂಡಗಳಿಂದ ಶುರುವಾಯಿತೆಂಬ ಮಾತು ಪ್ರವಾಸಿ ಬರಹಗಳಲ್ಲಿ ಸಾಮಾನ್ಯ. ಅದು ಸರಿಯಲ್ಲ. ನಡಿಗೆ ಹಳೆಯದು, ಅದಕ್ಕೆ ವಿಹಾರದ ರೂಪ ಬಂದದ್ದು ಮಾತ್ರ ಈಚೆಗೆ. ಯಾರು ಯಾವ ಶಿಖರವನ್ನು ಮೊದಲು ಏರಿದರೆಂಬುದಕ್ಕಿಂತ, ಹಾದಿ ಯಾವಾಗ ಯಾಕೆ ಮುಚ್ಚಿತು, ಮತ್ತೆ ಯಾವಾಗ ತೆರೆಯಿತು ಎಂಬುದೇ ಈ ಇತಿಹಾಸದ ನಿಜವಾದ ತಿರುವುಗಳನ್ನು ತೋರಿಸುತ್ತದೆ.

ಶಿಖರಗಳು ಮತ್ತು ಎತ್ತರದ ಗೊಂದಲ

ಮೊದಲು ಬಿಡಿಸಬೇಕಾದ ಗಂಟು ನರಸಿಂಹ ಪರ್ವತದ್ದು. ಹೆಸರಿನ ಸಾಮ್ಯದಿಂದ ಇದನ್ನು ನರಸಿಂಹರಾಜಪುರದ ಬೆಟ್ಟವೆಂದು ತಿಳಿಯುವವರಿದ್ದಾರೆ. ಪರ್ವತ ಇರುವುದು ಶೃಂಗೇರಿ ತಾಲ್ಲೂಕಿನ ಕಿಗ್ಗದ ಮೇಲೆ, ಆಗುಂಬೆ ಘಟ್ಟದ ಸಾಲಿನಲ್ಲಿ. ನರಸಿಂಹರಾಜಪುರ ಅಲ್ಲಿಂದ ದೂರ, ಈಶಾನ್ಯಕ್ಕೆ, ಭದ್ರಾ ಜಲಾಶಯದ ಹಿನ್ನೀರಿನ ಬದಿಯ ಊರು. ಹಿಂದೆ ಎಡೇಹಳ್ಳಿಯಾಗಿದ್ದ ಆ ಊರಿಗೆ 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದ ನೆನಪಿಗೆ ಈಗಿನ ಹೆಸರಿಟ್ಟರು. ಬೆಟ್ಟಕ್ಕೂ ಊರಿಗೂ ಸಂಬಂಧವಿಲ್ಲ.

ಎರಡನೆಯ ಗೊಂದಲ ಎತ್ತರದ್ದು. ನರಸಿಂಹ ಪರ್ವತದ ಎತ್ತರ ಸುಮಾರು 1,152 ಮೀಟರ್. ಆಗುಂಬೆ ಘಟ್ಟದ ಶಿಖರಗಳಲ್ಲಿ ಎತ್ತರದ್ದು ಎನ್ನುವುದು ಸರಿ. ಆದರೆ ಆ ಮಾತು ಬಾಯಿಂದ ಬಾಯಿಗೆ ದಾಟುತ್ತ 'ಈ ಸೀಮೆಯ ಅತಿ ಎತ್ತರದ ಬೆಟ್ಟ' ಎಂದಾಗಿಬಿಟ್ಟಿದೆ. ಕೊಪ್ಪ ತಾಲ್ಲೂಕಿನಲ್ಲೇ ಬಸರೀಕಟ್ಟೆಯ ಬಳಿ ಮೇರ್ತಿ ಗುಡ್ಡವಿದೆ. ಮೇರುತಿ ಪರ್ವತ ಎಂದೂ ಅದನ್ನು ಕರೆಯುತ್ತಾರೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಅದಕ್ಕೆ ಕೊಟ್ಟಿರುವ ಎತ್ತರ 5,451 ಅಡಿ, ಅಂದರೆ 1,661 ಮೀಟರ್. ನರಸಿಂಹ ಪರ್ವತಕ್ಕಿಂತ ಅರ್ಧ ಕಿಲೋಮೀಟರ್ ಮೇಲೆ. ಶೃಂಗೇರಿ ಪೇಟೆಯೇ ಸಮುದ್ರ ಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಲೆಕ್ಕ ಹಾಕಿದರೆ ನರಸಿಂಹ ಪರ್ವತದ ಏರು 500 ಮೀಟರ್‌ಗೂ ಕಡಿಮೆ. ಹೀಗಿದ್ದೂ ಹತ್ತುವವರಿಗೆ ಅದು ಕಡಿದಾಗಿ ತೋರುವುದು ಘಟ್ಟದ ಅಂಚಿನಲ್ಲಿ ನಿಂತಿರುವುದರಿಂದ. ಪಶ್ಚಿಮಕ್ಕೆ ನೆಲ ಏಕಾಏಕಿ ಕರಾವಳಿಗೆ ಇಳಿದುಬಿಡುತ್ತದೆ.

ಕುದುರೆಮುಖದ ಶಿಖರ ಈ ಮೂರು ತಾಲ್ಲೂಕುಗಳ ಗಡಿಯಾಚೆ, ಕಳಸದ ಕಡೆಗಿದೆ. ಹಳೆಯ ಅಳತೆ 6,215 ಅಡಿ, ಅಂದರೆ 1,894 ಮೀಟರ್. ಈಚಿನ ಬರಹಗಳಲ್ಲಿ 1,892 ಎಂದೂ ಕಾಣುತ್ತದೆ. ಅಡಿಯಿಂದ ಮೀಟರಿಗೆ ತರುವಾಗಿನ ಮತ್ತು ಬೇರೆ ಬೇರೆ ಸರ್ವೆಗಳ ಸಣ್ಣ ವ್ಯತ್ಯಾಸವಿದು, ದೊಡ್ಡದು ಮಾಡಬೇಕಿಲ್ಲ. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯ ಕಾಡು ಇದೇ ಸಾಲಿನ ಮುಂದುವರಿಕೆಯಾದ್ದರಿಂದ, ಕುದುರೆಮುಖವನ್ನು ಬಿಟ್ಟು ಶೃಂಗೇರಿಯ ಚಾರಣದ ಮಾತು ಪೂರ್ತಿಯಾಗದು.

ಆರಂಭದ ನಡಿಗೆ

ಕಿಗ್ಗದ ಋಷ್ಯಶೃಂಗೇಶ್ವರ ದೇವಾಲಯದ ಸುತ್ತ ಆಳುಪರ ಕಾಲದ ಶಾಸನಗಳು ಸಿಕ್ಕಿವೆ. ಬೆಟ್ಟದ ಬುಡದ ಈ ಊರು ಸಾವಿರ ವರ್ಷಕ್ಕೂ ಹಿಂದೆಯೇ ಜನ ಬಂದುಹೋಗುವ ಜಾಗವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಶೃಂಗೇರಿ ಮಠದ ಇತಿಹಾಸ, 1346ರಲ್ಲಿ ವಿಜಯನಗರದ ಹರಿಹರ ಸಹೋದರರು ಅಲ್ಲಿ ಕೊಟ್ಟ ದತ್ತಿ, ವಿದ್ಯಾರಣ್ಯರ ಕಾಲ, ಇವೆಲ್ಲ ಬೇರೆಡೆ ವಿಸ್ತಾರವಾಗಿ ಬಂದಿವೆ. ಚಾರಣದ ದೃಷ್ಟಿಯಿಂದ ಹೇಳಬೇಕಾದದ್ದು ಇಷ್ಟು: ಯಾತ್ರಿಕರೂ, ಕರಾವಳಿಯಿಂದ ಉಪ್ಪು ತಂದು ಮೇಲಿನಿಂದ ಅಕ್ಕಿ ಒಯ್ಯುತ್ತಿದ್ದ ಹೇರೆತ್ತಿನವರೂ ಘಟ್ಟದ ಜಾಡುಗಳನ್ನು ಸವೆಸಿದರು. ಬೆಟ್ಟದ ನೆತ್ತಿಯವರೆಗೆ ಹೋಗುತ್ತಿದ್ದವರು ಮಾತ್ರ ದನ ಮೇಯಿಸುವವರು, ಜೇನು ಮತ್ತು ಕಾಡಿನ ಉತ್ಪನ್ನ ತರುವವರು. ಮಲೆಕುಡಿಯರು ಮತ್ತು ಗೌಡಲು ಸಮುದಾಯದವರು ಇವರಲ್ಲಿ ಮುಖ್ಯರು. ಇಂದು ಮಾರ್ಗದರ್ಶಕರು ಹಿಡಿಯುವ ಒಳದಾರಿಗಳೂ ನೀರಿನ ತಾಣಗಳೂ ಇವರ ತಿಳಿವಳಿಕೆಯಿಂದ ಬಂದವು. ಶಿಖರಗಳ ಬಗ್ಗೆ ಬರೆದವರು ಈ ಋಣವನ್ನು ಹೇಳಿದ್ದು ತೀರ ಕಡಿಮೆ.

ಅಳತೆಗಾರರ ಕಾಲ

1799ರ ನಂತರ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ ನಡೆಯಿತು. 19ನೇ ಶತಮಾನದ ಮೊದಲ ದಶಕದಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳ ಸರಪಳಿ ಎಳೆದ. ಬೆಟ್ಟದ ತುದಿಗೆ ಕೆಲಸದ ಮೇಲೆ ಹೋಗಿ, ಕಂಡದ್ದನ್ನು ಕಾಗದದಲ್ಲಿ ಬರೆದಿಟ್ಟವರು ಈ ಅಳತೆಗಾರರಿಂದ ಮುಂದಕ್ಕೆ ಹೆಚ್ಚಾದರು. ಕುದುರೆಮುಖದ ಮೇಲ್ಭಾಗ ದಕ್ಷಿಣ ಕನ್ನಡದ ಅಧಿಕಾರಿಗಳಿಗೆ ಬೇಸಿಗೆಯ ತಂಗುದಾಣವಾಗಿತ್ತು. ಇದನ್ನು ಇಲ್ಲಿನ ವಿಹಾರಕ್ಕಾಗಿಯೇ ಬೆಟ್ಟ ಏರಿದ ಮೊದಲ ದಾಖಲೆಗಳಲ್ಲಿ ಒಂದೆಂದು ಎಣಿಸಬಹುದು.

ನರಸಿಂಹರಾಜಪುರದ ಕಡೆ ಕಾಡಿಗೆ ಜನ ನುಗ್ಗಿದ ಕಾರಣವೇ ಬೇರೆ. 20ನೇ ಶತಮಾನದ ಎರಡನೇ ದಶಕದಲ್ಲಿ ತರೀಕೆರೆಯಿಂದ ಆ ಊರಿಗೆ ಎರಡಡಿ ಅಗಲದ ಹಳಿಯ ಟ್ರಾಮ್ ರೈಲು ಹಾಕಿದರು. ಅದು ಮರ ಸಾಗಿಸುವುದಕ್ಕೆಂದು ಬಂದದ್ದು. ಅಲ್ಲಿನ ಬೆಟ್ಟಗಳು ವಿಹಾರದ ಹೆಸರು ಪಡೆಯಲೇ ಇಲ್ಲ.

ಬರಹದಲ್ಲಿ ಬೆಟ್ಟ

ಕಾಡು ಗುಡ್ಡಗಳಲ್ಲಿ ಅಲೆಯುವುದೇ ಒಂದು ಸುಖ ಎಂಬ ಭಾವವನ್ನು ಕನ್ನಡ ಓದುಗರಿಗೆ ಕೊಟ್ಟವರಲ್ಲಿ ಕುವೆಂಪು ಮುಂಚೂಣಿಯವರು. 1933ರ 'ಮಲೆನಾಡಿನ ಚಿತ್ರಗಳು' ಅಂಥ ಬರಹ. ಅವರು ಹುಟ್ಟಿದ್ದು ಕುಪ್ಪಳಿಯಲ್ಲಿ ಎಂದು ಬರೆಯುವ ರೂಢಿಯುಂಟು. ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕಿನ ತಂದೆಯ ಮನೆ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಈ ಸೀಮೆಯ ಚಾರಣ ಸಾಹಿತ್ಯಕ್ಕೆ ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ.

ಗಣಿ, ಉದ್ಯಾನ, ಬಂದೂಕು

1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಮಲ್ಲೇಶ್ವರದ ಬಳಿ ಹೊಸ ಪಟ್ಟಣ ಎದ್ದಿತು, ಕಾರ್ಕಳದ ಕಡೆಯ ರಸ್ತೆ ಸುಧಾರಿಸಿತು. ಅದುವರೆಗೆ ದಿನಗಟ್ಟಲೆ ನಡೆದು ತಲುಪಬೇಕಾಗಿದ್ದ ಹುಲ್ಲುಗಾವಲಿನ ಬುಡಕ್ಕೆ ಬಸ್ಸು ಬಂದು ನಿಂತಿತು. 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡಿನ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಅಂತಿಮ ಅಧಿಸೂಚನೆ 2001ರಲ್ಲಿ. ಅಲ್ಲಿಂದ ಮುಂದೆ ಬೆಟ್ಟಕ್ಕೆ ಹೋಗುವುದು ಅನುಮತಿಯ ವಿಷಯವಾಯಿತು. ಇದು ಮೊದಲ ದೊಡ್ಡ ತಿರುವು. ವನ್ಯಜೀವಿ ಸಂರಕ್ಷಕ ಕೆ. ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಗಣಿ ನಿಂತ ಹೊತ್ತಿಗೆ ಹಾದಿಗಳು ಮತ್ತೊಂದು ಕಾರಣಕ್ಕೆ, ನಕ್ಸಲರ ಮತ್ತು ಪೊಲೀಸರ ಕಾಳಗಕ್ಕೆ, ಬರಿದಾಗಿದ್ದವು. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ನಕ್ಸಲರ ಮೇಲೆ ಗುಂಡು ಹಾರಿತು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಹತನಾದ. 2007ರ ಜುಲೈನಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ಐವರು ಸತ್ತರು. ಪ್ರವಾಸಿ ಬರಹಗಳು ಈ ಕಾಲವನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ, ಕೆಲವು ಅದನ್ನೂ ಬರೆಯುವುದಿಲ್ಲ. ಶೃಂಗೇರಿ–ಕೊಪ್ಪದ ಬೆಟ್ಟಗಳ ಮಟ್ಟಿಗೆ ಇದೇ ಅತಿ ದೊಡ್ಡ ತಿರುವು ಎಂದು ಈ ಲೇಖನ ಪರಿಗಣಿಸುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಕಾಡಿನ ಅಂಚಿನಲ್ಲಿ ಕಂಡ ಅಪರಿಚಿತ ಪೊಲೀಸರಿಗೂ ಊರಿನವರಿಗೂ ಅನುಮಾನದ ಮನುಷ್ಯನಾದ. ಒಂಟಿಮನೆಗಳ ಜನರಿಗೆ ರಾತ್ರಿ ಬಾಗಿಲು ಬಡಿದ ಸದ್ದೇ ಭಯವಾಯಿತು: ಅನ್ನ ಕೊಟ್ಟರೆ ಒಂದು ಕಷ್ಟ, ಕೊಡದಿದ್ದರೆ ಇನ್ನೊಂದು. ಚಾರಣಿಗರಿಗೆ ಜಗಲಿಯಲ್ಲಿ ಮಲಗಲು ಜಾಗ ಕೊಡುತ್ತಿದ್ದ ಮಲೆನಾಡಿನ ಹಳೆಯ ಸೌಜನ್ಯಕ್ಕೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಆಗುಂಬೆ ಬಳಿಯ ಮಲ್ಲಂದೂರಿನಿಂದ ಹೊರಟು, ಬರ್ಕಣ ಜಲಪಾತದ ಮೇಲೆ ಹಾದು, ನರಸಿಂಹ ಪರ್ವತ ದಾಟಿ ಕಿಗ್ಗಕ್ಕೆ ಇಳಿಯುವ ಎರಡು ದಿನದ ನಡಿಗೆ ಹಳೆಯ ಚಾರಣಿಗರಿಗೆ ಪ್ರಿಯವಾಗಿತ್ತು. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಕಿಗ್ಗದಿಂದ ಹತ್ತಿ ಕಿಗ್ಗಕ್ಕೇ ಇಳಿಯುವ ಒಂದು ದಿನದ ಹಾದಿ.

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ಶರಣಾದರು. ಫೆಬ್ರವರಿ 1ರಂದು ಶೃಂಗೇರಿ ತಾಲ್ಲೂಕಿನ ಕೋಟೆಹೊಂಡದ ಇನ್ನೊಬ್ಬ ನಕ್ಸಲರು ಚಿಕ್ಕಮಗಳೂರಿನಲ್ಲಿ ಶರಣಾದರು. ಎರಡು ದಶಕಗಳ ಒಂದು ಅಧ್ಯಾಯ ಅಲ್ಲಿಗೆ ಮುಗಿಯಿತು.

ಭದ್ರೆಯ ದಂಡೆ

ನರಸಿಂಹರಾಜಪುರದ ಎದುರಿನ ಕಾಡು 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಗಿ ಶುರುವಾಯಿತು. 1974ರಲ್ಲಿ ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001–02ರ ಹೊತ್ತಿಗೆ ಕಾಡಿನೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಹೋದವು. ದೇಶದಲ್ಲಿ ಕೊಟ್ಟ ಮಾತಿಗೆ ಹತ್ತಿರವಾಗಿ ನಡೆದ ಕೆಲವೇ ಪುನರ್ವಸತಿಗಳಲ್ಲಿ ಇದನ್ನು ಹೆಸರಿಸುತ್ತಾರೆ. ವಿಹಾರದ ಚಾರಣಕ್ಕೆ ಇಲ್ಲಿ ಅವಕಾಶವಿಲ್ಲ. ಹೊರಗಿನ ನಾಗರಿಕರು ಇಲ್ಲಿ ನಡೆದದ್ದು 2006ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಂಥ ಕೆಲಸಗಳಲ್ಲಿ, ಸ್ವಯಂಸೇವಕರಾಗಿ: ಬೆಳಕು ಹರಿಯುವ ಹೊತ್ತಿಗೆ ಎರಡು ಕಿಲೋಮೀಟರ್‌ನ ನೇರ ಗೆರೆಯಲ್ಲಿ ಮಾತಿಲ್ಲದೆ ನಡೆದು, ಕಂಡ ಜಿಂಕೆ ಕಡವೆಗಳನ್ನು ಬರೆದುಕೊಳ್ಳುವುದು.

ಋತು

ಬೇಸಿಗೆ ಶುರುವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಬೆಟ್ಟದ ಬಾಗಿಲು ಮುಚ್ಚುತ್ತದೆ. ಫೆಬ್ರವರಿ ಬರುವಾಗ ಬ್ಯಾಣದ ಹುಲ್ಲು ಒಣಗಿ ಕರಡವಾಗಿ, ಒಂದು ಬೀಡಿ ತುಂಡಿಗೆ ಇಡೀ ಇಳಿಜಾರು ಹೊತ್ತಿಕೊಳ್ಳುವ ಹದಕ್ಕೆ ಬಂದಿರುತ್ತದೆ. ಅರಣ್ಯ ಇಲಾಖೆ ಬೆಂಕಿ ರೇಖೆ ಸವರಿ, ಸಾಮಾನ್ಯವಾಗಿ ಬೇಸಿಗೆ ಕಳೆಯುವವರೆಗೆ ಚಾರಣ ನಿಲ್ಲಿಸುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತ ಮೇಲೆ ಈ ಎಚ್ಚರ ಅತಿಯಾಯಿತು ಎಂದು ಯಾರೂ ಹೇಳಲಾರರು.

ಜೂನ್‌ನಿಂದ ಮಳೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವುದು ವಿಶೇಷವಲ್ಲ. ಕಾಲುಸಂಕಗಳು ಕೊಚ್ಚಿಹೋಗುತ್ತವೆ, ಕಾನಿನೊಳಗೆ ಉಂಬಳ (ಜಿಗಣೆ) ಏಳುತ್ತವೆ. ಎಲೆಯ ತುದಿಯಲ್ಲಿ ಹಿಂಬದಿಯ ಹಿಡಿತದ ಮೇಲೆ ನಿಂತು, ಮುಂದಿನ ತುದಿಯನ್ನು ಗಾಳಿಯಲ್ಲಿ ಆಡಿಸುತ್ತ, ಉಸಿರಿನ ಬಿಸಿ ಬಂದ ಕಡೆಗೆ ಬಾಗುತ್ತವೆ. ಕಚ್ಚಿದ್ದು ತಿಳಿಯುವುದು ರಕ್ತ ಇಳಿದು ಚಪ್ಪಲಿ ಜಾರಿದಾಗ. ತೋಟದ ಆಳುಗಳು ಕಾಲಿಗೆ ಹೊಗೆಸೊಪ್ಪು, ಸುಣ್ಣ ಕಲಸಿ ಹಚ್ಚಿಕೊಳ್ಳುತ್ತಾರೆ, ಇಲ್ಲವೇ ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಒದ್ದೆ ಮಾಡಿ ಮುಟ್ಟಿಸುತ್ತಾರೆ. ಪೇಟೆಯಿಂದ ತಂದ ಯಾವ ದುಬಾರಿ ಕಾಲುಚೀಲಕ್ಕೂ ಇದು ಕಡಿಮೆಯಲ್ಲ. ಹೀಗೆ ನಡುವೆ ಉಳಿಯುವ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ ಕೊನೆಯವರೆಗೆ.

ಗುಂಪಿನ ಕಾಲ

2000ದ ನಂತರ ಬೆಂಗಳೂರಿನ ಉದ್ಯೋಗಿಗಳ ವಾರಾಂತ್ಯ ಪಯಣ ಬೆಳೆಯಿತು. ಇದರ ಕಥೆ ಎಲ್ಲೆಡೆ ಒಂದೇ. ಶುಕ್ರವಾರ ರಾತ್ರಿ ಹೊರಟ ವ್ಯಾನು ಶನಿವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಜಿಲ್ಲೆಯ ಹೊರಗಿನ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಮೇಲೆ ರಾಜ್ಯ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣವನ್ನು ತಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು; ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿ. ಕೊಪ್ಪದ ಮೇರ್ತಿಯ ಸುತ್ತ ಕಾಫಿ ತೋಟಗಳಿವೆ. ಉದ್ಯಾನದೊಳಗಿನ ಶಿಖರಗಳಿಗೆ ಬೀಳುವ ನೂಕುನುಗ್ಗಲು ಆ ಗುಡ್ಡಕ್ಕೆ ಬಿದ್ದಿಲ್ಲ. ಅಲ್ಲಿಗೆ ಹೋಗುವವರು ತೋಟದವರನ್ನು ಕೇಳಿ ಹೋಗುವುದು ಮರ್ಯಾದೆ.

ಈಚಿನ ವರ್ಷಗಳಲ್ಲಿ ಲೆಕ್ಕಕ್ಕೆ ಬಂದಿರುವ ಇನ್ನೊಂದು ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ 2024ರ ಆರಂಭದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲೂ ಕಾಣಿಸಿತು. ಹರಡುವುದು ಉಣುಗಿನಿಂದ, ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಚಾರಣದ ಒಳ್ಳೆಯ ತಿಂಗಳುಗಳನ್ನೂ ಹಿಡಿದುಕೊಂಡು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಂಚುತ್ತದೆ. ಮಂಗ ಸತ್ತುಬಿದ್ದ ಸುದ್ದಿ ಬಂದ ಕಡೆ ಕಾಲಿಡಬಾರದು, ಒಣ ತರಗಿನ ಮೇಲೆ ಕೂರಬಾರದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು ಎಂಬ ಊರಿನವರ ಕಟ್ಟಳೆಯನ್ನು ಬೆಟ್ಟಕ್ಕೆ ಬರುವವರೂ ಪಾಲಿಸಬೇಕಾಗಿದೆ.