ಧಕ್ಕೆಯ ವಾರಸುದಾರರು

ರಸ್ತೆಯಲ್ಲಿ ಕಾರಿಗೆ ಬೈಕು ತಾಗಿದರೆ ಪತ್ರಿಕೆಯಲ್ಲಿ ಅದು ಡಿಕ್ಕಿ. ಮಾನಕ್ಕೆ ಮಾತು ತಾಗಿದರೆ ಧಕ್ಕೆ. ಡಿಕ್ಕಿಯಾದಲ್ಲಿಗೆ ಪೊಲೀಸರು ಬಂದು ಮಹಜರು ಬರೆಯುತ್ತಾರೆ. ಒಡೆದ ದೀಪ, ಬಾಗಿದ ಬಂಪರ್ ಎಲ್ಲರ ಕಣ್ಣಿಗೂ ಕಾಣುತ್ತವೆ. ಧಕ್ಕೆಗೆ ಅಂಥ ಗುರುತಿಲ್ಲ, ಆಯಿತು ಎಂದವರ ಬಾಯಿಮಾತನ್ನೇ ನಂಬಬೇಕು. ಅದಕ್ಕಾಗಿಯೇ ಈ ಪದವನ್ನು ಯಾರು, ಯಾರ ಪರವಾಗಿ, ಯಾವಾಗ ಬಾಯಿಗೆ ತರುತ್ತಾರೆ ಎಂಬುದನ್ನು ಗಮನಿಸುತ್ತಾ ಬಂದಿದ್ದೇನೆ.

ಹಿಂದಿ, ಮರಾಠಿಗಳಲ್ಲಿ ಧಕ್ಕಾ ಎಂದರೆ ನೂಕು, ತಳ್ಳು. ಕೆಟ್ಟು ನಿಂತ ಬಸ್ಸಿಗೆ ಅಲ್ಲಿ ಧಕ್ಕಾ ಕೊಡುತ್ತಾರೆ. ಕನ್ನಡಕ್ಕೆ ಬಂದ ಮೇಲೆ ಈ ಪದ ಮೈಗೆಲಸ ಬಿಟ್ಟುಬಿಟ್ಟಿತು. ಬಸ್ಸನ್ನು ನಾವು ತಳ್ಳಿಯೇ ಸರಿಸುತ್ತೇವೆ. ಧಕ್ಕೆ ಬರುವುದೇನಿದ್ದರೂ ಗೌರವಕ್ಕೆ, ಘನತೆಗೆ, ಹಿತಾಸಕ್ತಿಗೆ, ಸೌಹಾರ್ದಕ್ಕೆ. ಇತ್ತೀಚೆಗಂತೂ ಎಲ್ಲಕ್ಕಿಂತ ಹೆಚ್ಚಾಗಿ ಭಾವನೆಗಳಿಗೆ. ‘ಭಾವನೆಗೆ ಧಕ್ಕೆ’ ಈಗ ಒಂದೇ ಉಸಿರಿನಲ್ಲಿ ಬರುವ ಮಾತಾಗಿದೆ. ಕರಾವಳಿಯಲ್ಲಿ ಇದೇ ಸದ್ದಿಗೆ ಬೇರೊಂದು ಬಾಳು ಉಂಟು. ಮಂಗಳೂರಿನ ಬಂದರಿನಲ್ಲಿ ಮೀನುದೋಣಿ ಬಂದು ತಾಗಿ ನಿಲ್ಲುವ ಕಟ್ಟೆಗೆ ದಕ್ಕೆ ಎನ್ನುತ್ತಾರೆ. ಮುಂಬಯಿಯ ಭಾವುಚಾ ಧಕ್ಕಾ ಕೂಡ ಅಂಥದೇ ಕಟ್ಟೆ. ಹೊರಗಿನ ಸರಕು ಬಂದಿಳಿಯುವ ಜಾಗವೂ ಒಳಗಿನ ಮನಸ್ಸಿಗೆ ಬೀಳುವ ಪೆಟ್ಟೂ ಹೀಗೆ ಒಂದೇ ಸದ್ದಿನಲ್ಲಿ ಕೂಡಿಕೊಂಡಿರುವುದು ನನಗೆ ತುಂಬ ಇಷ್ಟ. ಒಂದು ಊರಿನ ಕುಣಿತ, ಉಡುಗೆ, ದೇವರು ಇನ್ನೊಂದು ಊರಿಗೆ ಹೋಗಿ ಇಳಿದಾಗಲೆಲ್ಲ ಈ ಎರಡರಲ್ಲಿ ಯಾವುದಾಯಿತು ಎಂಬ ಪ್ರಶ್ನೆ ಏಳುತ್ತದೆ.

ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಧಕ್ಕೆ ಹೆಚ್ಚು ಕೇಳಿಬರುವುದು ನೆಲ, ನೀರಿನ ವಿಚಾರದಲ್ಲಿ. ಅಲ್ಲಿಯದು ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ, ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅದರ ಪಕ್ಕದ ಹುಲ್ಲುಗಾವಲನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಪಕ್ಷಿಸಂಕುಲಕ್ಕೆ ಧಕ್ಕೆ ಎಂದು ಒಂದು ಕಡೆಯವರು, ರೈತರ ಹಿತಕ್ಕೆ ಧಕ್ಕೆ ಎಂದು ಇನ್ನೊಂದು ಕಡೆಯವರು. ಹಕ್ಕಿ ಅರ್ಜಿ ಬರೆಯಲಾರದು, ಅದರ ಪರವಾಗಿ ಮನುಷ್ಯರೇ ಬರೆಯಬೇಕು. ಆದರೆ ಮಾತನಾಡಬಲ್ಲ ಮನುಷ್ಯರ ವಿಷಯದಲ್ಲೂ ನಾವು ಹಾಗೆಯೇ ನಡೆದುಕೊಳ್ಳುತ್ತೇವಲ್ಲ, ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ.

ಅದೇ ಹೆಸರಘಟ್ಟದಲ್ಲಿ ನೃತ್ಯಗ್ರಾಮವಿದೆ. ಪ್ರೋತಿಮಾ ಬೇಡಿ ಅದನ್ನು ಕಟ್ಟಿದ್ದು 1990ರಲ್ಲಿ. ಮುಂಬಯಿಯಲ್ಲಿ ಮಾಡೆಲ್ ಆಗಿ ಹೆಸರು ಮಾಡಿದ್ದ ಹೆಂಗಸು, 1975ರಲ್ಲಿ ಒಂದು ಸಂಜೆ ಒಡಿಸ್ಸಿ ನೃತ್ಯ ನೋಡಿ ಮನಸೋತು, ಕಟಕ್‌ಗೆ ಹೋಗಿ ಕೇಳುಚರಣ ಮಹಾಪಾತ್ರರ ಶಿಷ್ಯೆಯಾದರು. ಏಳೆಂಟು ವರ್ಷದ ಮಕ್ಕಳು ಕಲಿಯಲು ತೊಡಗುವ ವಿದ್ಯೆಯನ್ನು ಆಕೆ ಹಿಡಿದಾಗ ಮೂವತ್ತರ ಸಮೀಪದಲ್ಲಿದ್ದರು. ಆಮೇಲೆ ಕರ್ನಾಟಕ ಸರ್ಕಾರದಿಂದ ಗುತ್ತಿಗೆಗೆ ಸಿಕ್ಕ ಜಮೀನಿನಲ್ಲಿ, ಗೋವಾದ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಮಣ್ಣು, ಕಲ್ಲು ಬಳಸಿ ಕಟ್ಟಿದ ಮನೆಗಳಲ್ಲಿ, ಗುರುಕುಲ ನಡೆಸಿದರು. ಒಡಿಶಾದ ಕುಣಿತ, ಹೊರಗಿನಿಂದ ಬಂದ ಒಡತಿ, ಕನ್ನಡದ ನೆಲ. ಧಕ್ಕೆ ಎಂದು ಕೂಗುವವರಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಆದರೂ ನೃತ್ಯಗ್ರಾಮ ನಿಂತಿತು. 1998ರಲ್ಲಿ ಕೈಲಾಸ ಯಾತ್ರೆಯ ದಾರಿಯ ಮಾಲ್ಪಾದಲ್ಲಿ ಭೂಕುಸಿತಕ್ಕೆ ಸಿಕ್ಕಿ ಪ್ರೋತಿಮಾ ತೀರಿಕೊಂಡ ಮೇಲೂ ಸುರೂಪಾ ಸೇನ್, ಒಡಿಶಾದಿಂದಲೇ ಬಂದ ಬಿಜಯಿನಿ ಸತ್ಪತಿ ಅದನ್ನು ನಡೆಸಿದರು. ಸುತ್ತಲಿನ ಹಳ್ಳಿಯ ಮಕ್ಕಳಿಗೆಂದು ಶುರುವಾದ ತರಗತಿಗೆ ಬಂದ ಹುಡುಗಿ ಪವಿತ್ರಾ ರೆಡ್ಡಿ ಮುಂದೆ ಅದೇ ತಂಡದ ಪ್ರಮುಖ ನರ್ತಕಿಯಾಗಿ ಹೊರದೇಶಗಳ ವೇದಿಕೆಗಳಲ್ಲಿ ಕುಣಿದರು.

ಇದನ್ನು ಕದ್ದದ್ದು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕದ್ದವರು ಒಡೆಯನ ಕಣ್ಣು ತಪ್ಪಿಸುತ್ತಾರೆ. ಇಲ್ಲಿ ಒಡೆಯನ ಮುಂದೆಯೇ ನಿಂತು, ಬೈಸಿಕೊಂಡು, ಚೌಕ, ತ್ರಿಭಂಗಿ ನಿಲುವುಗಳಲ್ಲಿ ಮಂಡಿ ನೋಯಿಸಿಕೊಂಡು ಕಲಿತಿದ್ದಾರೆ. ಒಡಿಸ್ಸಿ ನರ್ತಕಿಯ ತಲೆಯ ಮೇಲಿನ ತಾಹಿಯಾವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಿಳಿ ಬೆಂಡನ್ನು ತೆಳುವಾಗಿ ಸೀಳಿ, ಸುತ್ತಿ, ಕತ್ತರಿಸಿ ಮಾಡಿದ ಪುಟ್ಟ ಪುಟ್ಟ ಹೂಗಳು ತುರುಬಿನ ಸುತ್ತ ಚಕ್ರವಾಗಿ ಕೂರುತ್ತವೆ, ನಡುವಿನಿಂದ ಒಂದು ಮೊನೆ ಮೇಲೆದ್ದಿರುತ್ತದೆ. ಅದು ಪುರಿಯ ಜಗನ್ನಾಥ ದೇಗುಲದ ಶಿಖರ. ಅದನ್ನು ಮಾಡುವ ಕುಶಲಕರ್ಮಿಗಳು ಪುರಿಯಲ್ಲಿದ್ದಾರೆ, ಬೆಳ್ಳಿ ಒಡವೆಯವರು ಕಟಕ್‌ನಲ್ಲಿದ್ದಾರೆ. ಕುಣಿಯುವವಳು ಹೆಸರಘಟ್ಟದವಳಾದರೂ ನ್ಯೂಯಾರ್ಕಿನವಳಾದರೂ ಅವರ ಕೈಗೆ ಕೆಲಸ ಹೋಗುತ್ತದೆ, ಗುರುವಿನ ಹೆಸರು ಕಾರ್ಯಕ್ರಮದ ಹಾಳೆಯ ಮೇಲೆ ಬರುತ್ತದೆ. ಇಟಲಿಯ ಇಲಿಯಾನಾ ಚಿತಾರಿಸ್ತಿ ಅದೇ ಕೇಳುಚರಣರ ಬಳಿ ಕಲಿತು, ಭುವನೇಶ್ವರದಲ್ಲೇ ನೆಲೆಸಿ, ಗುರುವಿನ ಜೀವನಚರಿತ್ರೆ ಬರೆದರು. 2006ರಲ್ಲಿ ಪದ್ಮಶ್ರೀ ಪಡೆದರು. ಇವೆಲ್ಲ ನನ್ನ ಮಟ್ಟಿಗೆ ದಕ್ಕೆಯ ಕಥೆಗಳು, ದೋಣಿ ನಿಲ್ಲುವ ಆ ದಕ್ಕೆಯ ಕಥೆಗಳು.

ಇನ್ನೂ ಹಿಂದಕ್ಕೆ ಹೋದರೆ ನನ್ನ ಈ ನೆಮ್ಮದಿ ಕದಡುತ್ತದೆ. ಒಡಿಸ್ಸಿ ಎಂದು ನಾವು ಇಂದು ನೋಡುವ ರಚನೆಗೆ ಚೌಕಟ್ಟು ಬಿದ್ದದ್ದು 1950ರ ದಶಕದಲ್ಲಿ. ಕಟಕ್‌ನಲ್ಲಿ 1958ರಲ್ಲಿ ಜಯಂತಿಕಾ ಎಂಬ ಹೆಸರಿನಲ್ಲಿ ಗುರುಗಳು, ವಿದ್ವಾಂಸರು ಕೂಡಿ ಯಾವುದು ಮೊದಲು, ಯಾವುದು ಆಮೇಲೆ, ಹಸ್ತ ಹೇಗೆ, ಹೆಜ್ಜೆ ಹೇಗೆ ಎಂದು ನಿಷ್ಕರ್ಷೆ ಮಾಡಿದರು. ಹಾಗೆ ಕೂತವರು ಬಹುತೇಕ ಗಂಡಸರೇ. ಕುಣಿತ ಬಂದದ್ದು ಎಲ್ಲಿಂದ? ಹೆಣ್ಣುವೇಷದ ಹುಡುಗರ ಗೋಟಿಪುವದಿಂದ, ಮತ್ತು ಪುರಿಯ ದೇಗುಲದಲ್ಲಿ ಸೇವೆ ಮಾಡುತ್ತಿದ್ದ ಮಹಾರಿಯರಿಂದ. ಮಹಾರಿ ಮನೆತನದಲ್ಲಿ ಬೆಳೆದ ಪಂಕಜಚರಣ ದಾಸರು ಆ ಗುರುಗಳಲ್ಲಿದ್ದರು, ನಿಜ. ಆದರೆ ಕುಣಿತ ವೇದಿಕೆ ಹತ್ತಿ ಶಾಸ್ತ್ರೀಯವಾಗಿ ದೇಶವಿದೇಶ ಸುತ್ತಿದ ಅದೇ ವರ್ಷಗಳಲ್ಲಿ ಮಹಾರಿಯರು ಒಬ್ಬೊಬ್ಬರಾಗಿ ಕಡಿಮೆಯಾದರು. ಶಶಿಮಣಿ ದೇವಿ 2015ರಲ್ಲಿ ತೀರಿಕೊಂಡಾಗ ಸೇವೆ ಮಾಡುತ್ತಿದ್ದ ಕೊನೆಯ ಮಹಾರಿ ಎಂದು ಪತ್ರಿಕೆಗಳು ಬರೆದವು. ಮಹಾರಿಯರ ಭಾವನೆಗೆ ಧಕ್ಕೆ ಎಂದು ಯಾವ ಊರೂ ಬಂದ್ ಆಗಲಿಲ್ಲ. ಧಕ್ಕೆ ಎನ್ನಲು ಎಲ್ಲರಿಗಿಂತ ಹೆಚ್ಚು ಹಕ್ಕಿದ್ದವರ ಬಾಯಿಗೆ ಆ ಪದವೇ ಸಿಗಲಿಲ್ಲ.

ನಮ್ಮಲ್ಲೂ ಅಷ್ಟೇ. ಮೈಸೂರು ಸಂಸ್ಥಾನ ದೇಗುಲಗಳ ದೇವದಾಸಿ ಸೇವೆಯನ್ನು 1909ರಲ್ಲಿ ನಿಲ್ಲಿಸಿದಾಗ ಆ ಹೆಂಗಸರನ್ನು ಕೇಳಿ ನಿಲ್ಲಿಸಿದವರಿಲ್ಲ. ಆ ಪದ್ಧತಿ ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವರ ವಿದ್ಯೆಯ ಗೌರವ ಬೇರೆಯವರ ಮನೆ ಸೇರಿತು. ಅದೇ ಮೈಸೂರಿನಲ್ಲಿ ನರ್ತಕಿ ಜಟ್ಟಿ ತಾಯಮ್ಮ ಕಡೂರಿನ ತಾಂಡಾದಲ್ಲಿ ಹುಟ್ಟಿದ ಬಂಜಾರ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಅಭಿನಯ ಕಲಿಸಿದ್ದೂ ಉಂಟು. ಆ ಹುಡುಗಿ ಕೆ. ವೆಂಕಟಲಕ್ಷ್ಮಮ್ಮನಾಗಿ ಅರಮನೆಯ ವಿದುಷಿಯಾದರು, 1992ರಲ್ಲಿ ಪದ್ಮಭೂಷಣ ಪಡೆದರು.

ಈಗ ಕರಾವಳಿಯ ದೈವದ ವಿಚಾರಕ್ಕೆ ಬರುತ್ತೇನೆ. ‘ಕಾಂತಾರ’ ಚಿತ್ರ 2022ರ ಸೆಪ್ಟೆಂಬರ್ ಕೊನೆಗೆ ತೆರೆಕಂಡ ಮೇಲೆ ದೈವದ ವೇಷ ಎಲ್ಲೆಲ್ಲೋ ಕಾಣಿಸಿಕೊಂಡಿತು. ವಾರ್ಷಿಕೋತ್ಸವದ ವೇದಿಕೆ, ಛದ್ಮವೇಷ ಸ್ಪರ್ಧೆ, ಮೊಬೈಲಿನ ರೀಲು, ಚಿತ್ರಮಂದಿರದ ಅಂಗಳ. ಎರಡನೆಯ ಚಿತ್ರ 2025ರ ಅಕ್ಟೋಬರ್‌ನಲ್ಲಿ ಬಂದಾಗ ದಯವಿಟ್ಟು ದೈವವನ್ನು ಅನುಕರಿಸಬೇಡಿ ಎಂದು ನಿರ್ದೇಶಕ ರಿಷಬ್ ಶೆಟ್ಟಿ ಮತ್ತು ಚಿತ್ರತಂಡದವರೇ ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಗೋವಾದ ಚಿತ್ರೋತ್ಸವದ ವೇದಿಕೆಯ ಮೇಲೆ ನಟ ರಣವೀರ್ ಸಿಂಗ್ ಆ ಚಿತ್ರದ ಒಂದು ದೃಶ್ಯವನ್ನು ನಟಿಸಿ ತೋರಿಸಿ, ಚಾವುಂಡಿ ದೈವವನ್ನು ಹೆಣ್ಣುದೆವ್ವ ಎಂದುಬಿಟ್ಟರು. ದೂರುಗಳು ದಾಖಲಾದವು, ಅವರು ಕ್ಷಮೆ ಕೇಳಿದರು. ಎಲ್ಲೆಡೆ ಒಂದೇ ಮಾತು: ಭಾವನೆಗೆ ಧಕ್ಕೆ.

ಧಕ್ಕೆ ಆದದ್ದು ನಿಜ. ಎಷ್ಟು ನಿಜ ಎಂದು ತಿಳಿಯಬೇಕಾದರೆ ದೈವದ ಕೋಲದ ಸಂಜೆ ಚಪ್ಪರದ ಹಿಂಬದಿಗೆ ಹೋಗಬೇಕು. ದೈವ ಕಟ್ಟುವವನಿಗೆ ಮೊದಲು ಎಣ್ಣೆಬೂಳ್ಯ ಕೊಡುತ್ತಾರೆ, ಎಣ್ಣೆ, ವೀಳ್ಯ. ಅದನ್ನು ಪಡೆದು ಮಿಂದು ಬಂದ ಮೇಲೆ ಮುಖಕ್ಕೆ ಅರದಾಳದ ಹಳದಿ ಏರುತ್ತದೆ, ಎಳೆಯ ತೆಂಗಿನ ಗರಿಯ ಸಿರಿ ಸೊಂಟಕ್ಕೆ ಬರುತ್ತದೆ. ಪಕ್ಕದಲ್ಲಿ ಮನೆಯ ಹೆಂಗಸು ತೆಂಬರೆ ಬಡಿಯುತ್ತಾ ದೈವದ ಕಥೆಯ ಪಾಡ್ದನ ಹೇಳುತ್ತಾಳೆ. ಕೊನೆಗೆ ಗಗ್ಗರ. ಕಾಲಿಗೆ ಕಟ್ಟುವ ಆ ದಪ್ಪ ಲೋಹದ ಬಳೆಯನ್ನು ಕೈಯಲ್ಲಿ ಹಿಡಿದು ದೈವದ ಮುಂದೆ ಅಪ್ಪಣೆ ಬೇಡಿದ ಮೇಲೆಯೇ ಅದು ಕಾಲೇರುವುದು. ವ್ರತ ಹಿಡಿದು, ಊಟ ಬಿಟ್ಟು, ಇಡೀ ರಾತ್ರಿ ಬೆಂಕಿಯ ಬದಿಯಲ್ಲಿ ಭಾರ ಹೊತ್ತು ನಿಲ್ಲುವ ಈ ಜನ ನಲಿಕೆಯವರು, ಪಂಬದರು, ಪರವರು. ಆ ರಾತ್ರಿ ಗುತ್ತಿನ ಮನೆಯ ಯಜಮಾನ ದೈವ ಕಟ್ಟಿದವನ ಮುಂದೆ ಕೈಮುಗಿದು ನುಡಿ ಕೇಳುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಎಷ್ಟೋ ಕಡೆ ಅದೇ ಮನೆಯ ಅಂಗಳ ದಾಟಿ ಒಳಗೆ ಬರುವಂತಿರಲಿಲ್ಲ.

ಮೂರು ನಿಮಿಷದ ರೀಲಿಗೆ ಈ ಬಣ್ಣ ಬಳಿದುಕೊಂಡವನಿಂದ ಮೊದಲು ಪೆಟ್ಟು ಬೀಳುವುದು ಗಗ್ಗರದ ಭಾರ ತಿಳಿದ ಕಾಲಿಗೆ. ನಂಬಿ ಹರಕೆ ಹೊತ್ತ ಮನೆಯವರಿಗೆ ಆಮೇಲೆ. ಅವರ ನೋವನ್ನು ನಾನು ಕಡೆಗಣಿಸುತ್ತಿಲ್ಲ, ದೈವ ಅವರದ್ದೂ ಹೌದು. ಬೆಂಗಳೂರಿನಲ್ಲಿ ಕೂತು ಟಿವಿ ನೋಡಿದ ನನ್ನಂಥವರಿಗೆ ಆಗುವುದು ಮೂರನೆಯದು. ನನ್ನ ಧಕ್ಕೆ ಸುಳ್ಳಲ್ಲ, ಆದರೆ ಕಡ ತಂದದ್ದು. ಕಡ ತಂದವನು ಕೊಟ್ಟವನಿಗಿಂತ ದೊಡ್ಡ ದನಿಯಲ್ಲಿ ಕೂಗಬಾರದು. ಕೂಗುವ ಮೊದಲು ಅವನನ್ನು ಕೇಳಬೇಕು: ನಿನಗೆ ನೋವಾಯಿತೆ? ಏನಾದರೆ ಸರಿಹೋಗುತ್ತದೆ? ಈ ವಿಷಯದಲ್ಲಿ ನನ್ನ ಹಟ ಇಷ್ಟೆ.

ಕಾನೂನು ಕೂಡ ನಾವು ಅಂದುಕೊಂಡಷ್ಟು ಸಡಿಲವಾಗಿಲ್ಲ. ಬ್ರಿಟಿಷರು 1927ರಲ್ಲಿ ದಂಡಸಂಹಿತೆಗೆ ಸೇರಿಸಿದ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿ 2024ರ ಜುಲೈಯಿಂದ ಜಾರಿಯಲ್ಲಿದೆ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸಿರಬೇಕು ಎಂಬುದು ಅದರ ಷರತ್ತು. ಬೀದಿಗೆ ಬರುವಾಗ ಬೇಕೆಂದೇ, ಕೆಟ್ಟ ಉದ್ದೇಶ ಎಂಬ ಮಾತುಗಳು ಉದುರಿಹೋಗಿ ಭಾವನೆ ಮಾತ್ರ ಉಳಿಯುತ್ತದೆ.

ಚಪ್ಪಲಿಯ ಪ್ರಕರಣದಲ್ಲಿ ಬೇರೊಂದು ದಾರಿ ಕಂಡಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿತು, ಆದರೆ ಮೂಲದ ಹೆಸರು ಹೇಳಲಿಲ್ಲ. ಕೊಲ್ಹಾಪುರಿಯ ಭೌಗೋಳಿಕ ಗುರುತು ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿಯ ಕಡೆ ಸಮಗಾರರು ಅದನ್ನು ಕೈಯಲ್ಲಿ ಹೊಲಿಯುತ್ತಾರೆ. ಗದ್ದಲವಾಯಿತು, ಕಂಪನಿ ಮೂಲವನ್ನು ಒಪ್ಪಿಕೊಂಡಿತು, ಡಿಸೆಂಬರ್ ಹೊತ್ತಿಗೆ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮದ ಜೊತೆ ನಮ್ಮ ಲಿಡ್ಕರ್ ಕೂಡ ಸೇರಿ ಇಲ್ಲಿಯೇ ಚಪ್ಪಲಿ ಮಾಡಿಸುವ ಒಪ್ಪಂದವಾಯಿತು. ಮಾತು ಅವಮಾನದಿಂದ ಕೂಲಿಯ ಕಡೆಗೆ ಹೊರಳಿದ್ದು ನನಗೆ ಸಮಾಧಾನ ತಂದಿತು. ಹೊಲಿಯುವವನ ಕೈಗೆ ಎಷ್ಟು ಬಂತು ಎಂದು ಮುಂದೆಯೂ ಕೇಳುತ್ತಲೇ ಇರಬೇಕು.

ದೈವದ ವಿಚಾರದಲ್ಲೂ ಅಂಥದೊಂದು ಹೆಜ್ಜೆ ಬಿದ್ದಿತ್ತು. 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಎಂದು ರಾಜ್ಯ ಸರ್ಕಾರ 2022ರ ಅಕ್ಟೋಬರ್‌ನಲ್ಲಿ, ಚಿತ್ರದ ಅಬ್ಬರದ ನಡುವೆಯೇ, ಘೋಷಿಸಿತು. ರಾತ್ರಿಯಿಡೀ ಕುಣಿದು ಮಂಡಿ ಸವೆದವರಿಗೆ ಅದು ದೊಡ್ಡ ಮೊತ್ತವೇನಲ್ಲ. ಆ ಹಣ ಎಷ್ಟು ನಲಿಕೆ, ಪಂಬದ, ಪರವ ಮನೆಗಳಿಗೆ ತಪ್ಪದೆ ತಲುಪುತ್ತಿದೆ, ಅರ್ಜಿ ತಿರಸ್ಕಾರವಾದ ಮುದುಕರು ಎಷ್ಟು ಮಂದಿ, ಅವರ ಮಕ್ಕಳಲ್ಲಿ ಗಗ್ಗರ ಹಿಡಿಯಲು ಒಪ್ಪಿದವರೆಷ್ಟು, ಬೇಡ ಎಂದು ಮಂಗಳೂರು ಬೆಂಗಳೂರಿನ ನೌಕರಿ ಹಿಡಿದವರೆಷ್ಟು ಎಂದು ಕೇಳಿ ಠಾಣೆಗೋ ಜಿಲ್ಲಾಧಿಕಾರಿಗೋ ಕೊಟ್ಟ ದೂರೊಂದನ್ನು ನಾನು ಓದಲು ಕಾದಿದ್ದೇನೆ.